ಮೀಸೆ ಇಲ್ಲದ ಮಗ

ಬೊಕ್ಕಾಪುರಂ ರಸ್ತೆಯಲ್ಲಿ ಟೀ ಅಂಗಡಿ ಇಟ್ಟುಕೊಂಡಿದ್ದ ಮಹದೇವಸ್ವಾಮಿಯನ್ನು ರೆಸಾರ್ಟಿನ ಜೀಪಿನವರು ‘ಮೀಸೆ’ ಎಂದೇ ಕರೆಯುತ್ತಿದ್ದರು. ದಪ್ಪ ಮೀಸೆ ಅಪ್ಪ ಸಿದ್ದಯ್ಯನಿಂದ ಬಂದದ್ದು. ಅವ್ವ ಕೆಂಪಾಜಮ್ಮನಿಗೆ ಲಕ್ವ ಹೊಡೆದು ಮಾತು ನಿಂತು ಹೋಗಿತ್ತು. ಗಂಡ ಎಲ್ಲಿ ಎಂದು ಕೇಳಬೇಕಾದಾಗ ಅವಳು ತನ್ನ ಎಡಗೈ ಎತ್ತಿ, ಮೇಲ್ದುಟಿಯ ಹತ್ತಿರ ಗಾಳಿಯಲ್ಲೇ ಮೀಸೆ ತಿರುವುತ್ತಿದ್ದಳು.

ಈಗ ಆ ಕೈ ದಿನವಿಡೀ ಮೇಲೇಳುತ್ತಿತ್ತು. ಸಿದ್ದಯ್ಯ ಊಟಿಯ ಆಸ್ಪತ್ರೆಯಲ್ಲಿದ್ದ. ಉಸಿರು ತಾನಾಗಿ ಸಾಲುತ್ತಿರಲಿಲ್ಲ. ಮುಖಕ್ಕೆ ಮಾಸ್ಕ್ ಕಟ್ಟಿ ಯಂತ್ರದಿಂದ ಗಾಳಿ ಕೊಡುತ್ತಿದ್ದರು.

“ಗಡ್ಡ ಇದ್ರೆ ಮಾಸ್ಕ್ ಸರಿಯಾಗಿ ಕೂರಲ್ಲ ಅಣ್ಣಾ, ಗಾಳಿಯೆಲ್ಲಾ ಆಚೆ ಹೋಗುತ್ತೆ,” ಎಂದಳು ನರ್ಸ್ ಸಿಂಧುಜಾ. “ಬ್ಲೇಡ್ ಮಾತ್ರ ವೇಂಡಾ. ರಕ್ತ ತೆಳು ಮಾಡೋ ಮದ್ದು ನಡೀತಿದೆ, ಕೊಯ್ದರೆ ನಿಲ್ಲಲ್ಲ. ಟ್ರಿಮ್ಮರ್ ತನ್ನಿ, ನೀವೇ ಮಾಡಿ. ನಾನು ಮುಟ್ಟಿದ್ರೆ ತಾತಾ ಬೈತಾರೆ.”

ಪೇಟೆಯ ಅಂಗಡಿಯಲ್ಲಿ ಜಯರಾಮನ್ ಗಾಜಿನ ಮೇಲೆ ನಾಲ್ಕಾರು ಟ್ರಿಮ್ಮರ್ ಹರಡಿದ. “ಮಾಪ್ಳೆ ಯಾರು, ಮದುಮಗ ನೀವೇನಾ? ಈ ಮೀಸೆಗೆ ಮಿಷಿನ್ ಸಾಲಲ್ಲ ಅಣ್ಣಾ, ಟ್ರಾಕ್ಟರ್ ಬೇಕು!”

“ನಮ್ಮಪ್ಪನಿಗೆ. ಆಸ್ಪತ್ರೇಲವ್ರೆ.”

ಜಯರಾಮನ್‌ನ ನಗು ಅಲ್ಲಿಗೇ ನಿಂತಿತು. ದೊಡ್ಡದನ್ನು ತೆಗೆದು ಬದಿಗಿಟ್ಟ. “ಇದು ಬೇಡ, ಜೋಲು ಚರ್ಮ ಹಲ್ಲಿಗೆ ಸಿಕ್ಕಿಬಿಡುತ್ತೆ. ಸಣ್ಣ ತಲೆಯದು ತಗೊಳ್ಳಿ. ಫೋನ್ ಚಾರ್ಜರ್‌ಗೇ ಹಾಕಬಹುದು.” ತನ್ನ ಮುಂಗೈ ಒಳಬದಿಗೆ ಒತ್ತಿ ಓಡಿಸಿ ತೋರಿಸಿದ. “ಎಡಗೈಲಿ ಚರ್ಮ ಎಳೆದು ಹಿಡ್ಕೊಳ್ಳಿ, ಕೂದಲಿಗೆ ಎದುರಾಗಿ ಓಡಿಸಿ. ಮೊದಲು ನಿಮ್ಮ ಮೇಲೇ ನೋಡ್ಕೊಳ್ಳಿ.”

ಆ ಮಾತನ್ನೇ ಮಹದೇವಸ್ವಾಮಿ ಪಾಲಿಸಿದ. ಮರುದಿನ ಬೆಳಿಗ್ಗೆ ಕನ್ನಡಿ ಮುಂದೆ ನಿಂತು, ಟ್ರಿಮ್ಮರಿನ ತಲೆಗೆ ಪ್ಲಾಸ್ಟಿಕ್ ಬಾಚಣಿಗೆ ಸಿಕ್ಕಿಸಿ ಕೆನ್ನೆಯ ಮೇಲೆ ಓಡಿಸಿದ. ನವಿರಾಗಿ ಬಂತು. ಧೈರ್ಯದಿಂದ ಮೀಸೆಯ ಅಂಚಿಗೆ ಇಟ್ಟ. ಪೂರ್ತಿ ಒತ್ತಿ ಕೂರಿಸದ ಬಾಚಣಿಗೆ ಪಟಕ್ಕನೆ ಕಳಚಿ ಬಿತ್ತು. ಬರಿಯ ಹಲ್ಲು ಅರ್ಧ ಮೀಸೆಯನ್ನು ಬೋಳಿಸಿಬಿಟ್ಟಿತು. ಉಳಿದರ್ಧ ಇಟ್ಟುಕೊಂಡು ಬೀದಿಗೆ ಇಳಿಯುವುದು ಹೇಗೆ? ಅದನ್ನೂ ತೆಗೆದ.

ಹೆಂಡತಿ ವೀಣಾ ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. “ಹೆತ್ತವರು ಇರೋವಾಗ ಯಾರಾದ್ರೂ ಮೀಸೆ ತೆಗೀತಾರಾ? ಅತ್ತೆ ನೋಡುದ್ರೆ ಮಾವ ಹೋದ್ರು ಅಂತ ಎದೆ ಒಡ್ಕೊಂಡ್ಬುಡ್ತಾರೆ! ಟವಲ್ ಸುತ್ಕೊಳ್ಳಿ ಮೊದಲು.”

ಅವನು ಟವಲ್ ಸುತ್ತಿಕೊಂಡ. ಅವ್ವನ ಕಣ್ಣಿಗೆ ಪೊರೆ ಬಂದಿತ್ತು, ಅವಳು ಗಮನಿಸಲಿಲ್ಲ. ಗಂಡಾಂತರ ತಪ್ಪಿತೆಂದುಕೊಂಡು ಕಲ್ಲಟ್ಟಿ ಘಾಟಿನ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಅವ್ವನದೇ ಯೋಚನೆ. ಅಪ್ಪನಿಗೂ ಕಣ್ಣಿದೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ವಾರ್ಡಿನಲ್ಲಿ ಟವಲ್ ತೆಗೆದು, ಟ್ರಿಮ್ಮರ್ ಹಿಡಿದು ಬಗ್ಗಿದ. ಸಿದ್ದಯ್ಯ ಮಗನ ಬೋಳು ತುಟಿಯನ್ನೇ ನೋಡಿದ. ಕೈಯಿಂದ ಮಾಸ್ಕ್ ಸರಿಸಿದ.

“ಯಾವಾಗ ಮೊಗಾ?”

“ಏನಪ್ಪಾ?”

“ನಿಮ್ಮವ್ವ. ಯಾವಾಗ ಹೋದ್ಳು?”

“ಅಯ್ಯೋ, ಅವ್ವ ಚೆಂದಾಗವ್ಳೆ ಕನಪ್ಪ! ಇದು ಮಿಷಿನ್ ಕೈತಪ್ಪಿ ಆಗಿದ್ದು.”

“ನಮ್ಮಣ್ಣ ಸತ್ತಾಗ ನಾನೂ ನಮ್ಮವ್ವನಿಗೆ ಹಿಂಗೇ ಸುಳ್ಳು ಹೇಳಿದ್ದೆ. ಮಲಗಿರೋರಿಗೆ ಯಾರ‍್ಲಾ ನಿಜ ಹೇಳ್ತಾರೆ?” ಟ್ರಿಮ್ಮರ್ ಹಿಡಿದ ಕೈಯನ್ನು ದೂರ ತಳ್ಳಿದ. “ಸೂತಕದಲ್ಲಿ ಕೂದಲು ಮುಟ್ಟಬಾರದು. ತಿಥಿ ಆಗ್ಲಿ.”

ಕೆಂಪಾಜಮ್ಮ ಬದುಕಿದ್ದಾಳೆಂದು ಸಿಂಧುಜಾ ಕೂಡ ಹೇಳಿದಳು, ಅವಳೂ ಮಗನ ಪರವೇ ಎಂದುಕೊಂಡ ಸಿದ್ದಯ್ಯ. ವೀಣಾ ಅತ್ತೆಯ ವೀಡಿಯೊ ಮಾಡಿ, ಸಿಗ್ನಲ್ ಸಿಗುವ ದಿಬ್ಬಕ್ಕೆ ಹೋಗಿ ಕಳಿಸಿದಳು. ಅದೇ ಗೋಡೆ, ಅದೇ ಕಂಬಳಿ, ಗಾಳಿಯಲ್ಲಿ ಮೀಸೆ ತಿರುವುವ ಅದೇ ಕೈ. ಸಿದ್ದಯ್ಯ ಪರದೆಯನ್ನು ಬೆರಳಿಂದ ಸವರಿ, “ಹಳೇದಾದ್ರೂ ಚೆಂದಾಗದೆ,” ಎಂದು ಕಣ್ಣು ಮುಚ್ಚಿದ. ಲಕ್ವ ಹೊಡೆದವಳನ್ನು ಆ ಘಾಟಿಯ ತಿರುವುಗಳಲ್ಲಿ ಹತ್ತಿಸಿ ತರುವ ಧೈರ್ಯ ಯಾರಿಗೂ ಇರಲಿಲ್ಲ.

ಗಾಳಿ ಗಡ್ಡದ ಸಂದಿನಿಂದ ಸೋರುತ್ತಲೇ ಇತ್ತು. ಯಂತ್ರ ಕೂಗುತ್ತಲೇ ಇತ್ತು. ಅಪ್ಪನ ತುಟಿಗಳು ನೀಲಿಯಾಗತೊಡಗಿದವು. “ಇನ್ನು ತಡ ಮಾಡಬೇಡಿ ಅಣ್ಣಾ,” ಎಂದು ಸಿಂಧುಜಾ ಬಂದು ಹೇಳಿ ಹೋದಳು. ಬಲವಂತ ಮಾಡಹೋದರೆ ಮುದುಕ ಎರಡು ಕೈಯಲ್ಲೂ ಮುಖ ಮುಚ್ಚಿಕೊಳ್ಳುತ್ತಿದ್ದ. ಮಹದೇವಸ್ವಾಮಿ ವರಾಂಡಕ್ಕೆ ಹೋದ, ಮತ್ತೆ ಒಳಗೆ ಬಂದ. ಮನೆಯಲ್ಲಿ ವೀಣಾ ಅವ್ವನಿಗೆ ಗಂಜಿ ಕುಡಿಸುತ್ತಿರುವ ಹೊತ್ತು ಅದು.

“ಅಪ್ಪಾ,” ಎಂದ. “ಅವ್ವ ಹೋಗಿ ಹನ್ನೊಂದು ದಿನ ಆಯ್ತು, ನಿಂಗೆ ಹೇಳಿರ್ಲಿಲ್ಲ. ಇವತ್ತು ತಿಥಿ. ಎಲ್ಲಾ ಮುಗೀತು. ಈಗ ಕೂದಲು ತೆಗೀಬಹುದು.”

ಸಿದ್ದಯ್ಯ ಕೈಗಳನ್ನು ಮುಖದಿಂದ ಇಳಿಸಿದ.

“ಎಡೇಗೆ ಏನಿಟ್ರಿ?”

“ಮುದ್ದೆ. ಹುರುಳಿಕಾಳು ಬಸ್ಸಾರು.”

“ಬೆಲ್ಲ?”

“ಇಟ್ಟಿದ್ವಿ. ಅವ್ವನಿಗೆ ಇಷ್ಟ ಅಲ್ವಾ.”

“ಹ್ಞೂಂ. ಅವಳಿಗೆ ಕೊನೇಗೆ ಬೆಲ್ಲ ಬೇಕು.” ಮುದುಕ ಗದ್ದ ಎತ್ತಿಕೊಟ್ಟ.

ಮಹದೇವಸ್ವಾಮಿ ಎಡಗೈಯಿಂದ ಚರ್ಮ ಎಳೆದು ಹಿಡಿದು, ಕೂದಲಿಗೆ ಎದುರಾಗಿ ಓಡಿಸಿದ. ಎಲ್ಲಿಯೂ ಗೀರಲಿಲ್ಲ. ಬಿಳಿ ಕೂದಲು ಟವಲಿನ ಮೇಲೆ ಬಿತ್ತು. ಕೊನೆಗೆ ಸಿದ್ದಯ್ಯ ತಾನೇ ಬೆರಳಿಟ್ಟು ಮೀಸೆಯನ್ನೂ ತೋರಿಸಿದ, ಅದೂ ಬಿತ್ತು. ಮಾಸ್ಕ್ ಗಟ್ಟಿಯಾಗಿ ಕೂತಿತು. ಯಂತ್ರದ ಕೂಗು ನಿಂತಿತು. ಮಾಸ್ಕಿನ ಮೇಲ್ಗಡೆ, ಅಪ್ಪನ ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು.

ಸಂಜೆ ಅವನು ಮನೆಗೆ ಬಂದಾಗ ಕೆಂಪಾಜಮ್ಮ ಹೆಜ್ಜೆ ಸಪ್ಪಳಕ್ಕೇ ಕೈ ಎತ್ತಿದಳು. ಗಾಳಿಯಲ್ಲಿ ಮೀಸೆ ತಿರುವಿದಳು.

“ಚೆಂದಾಗವ್ರೆ ಅವ್ವಾ. ಉಸಿರು ಚೆಂದಾಗಿ ಆಡ್ತಾವ್ರೆ.”

ಅವಳು ಅದೇ ಕೈಯನ್ನು ಮಗನ ಮುಖದ ಕಡೆಗೆ ಚಾಚಿದಳು. ಮಹದೇವಸ್ವಾಮಿ ಟವಲನ್ನು ಮೂಗಿನವರೆಗೂ ಎಳೆದುಕೊಂಡು, ಆ ಕೈಗೆ ಸಿಗದಷ್ಟು ದೂರದಲ್ಲಿ ನೆಲದ ಮೇಲೆ ಕೂತ.