ಆಯಿಯ ಕಾಯಿ ಹೊತ್ತ ಟ್ರಕ್ಕು

ನನ್ನ ರಿಮೋಟ್ ಟ್ರಕ್ಕನ್ನು ಆಟಿಕೆ ಎಂದವರ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ. ಆಟಿಕೆ ಮುರಿದರೆ ಎಸೆಯುತ್ತಾರೆ. ಇದು ಮುರಿದರೆ ಬಿಚ್ಚಿ, ಬಿಡಿಭಾಗ ತರಿಸಿ, ಮೊದಲಿಗಿಂತ ಗಟ್ಟಿ ಮಾಡುತ್ತೇನೆ. ಮೊಳದುದ್ದದ ಈ ಗಾಡಿ ಭಟ್ಕಳದಲ್ಲಿ ನನ್ನ ಆಫೀಸಿನ ಹಿಂದಿನ ಗುಡ್ಡವನ್ನು ಮೊದಲ ಸಲ ಹತ್ತಿದಾಗ ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಮಾವಳ್ಳಿಯ ನಮ್ಮ ಮನೆಯೆದುರಿನ ಕಡಲದಂಡೆಯ ಮರಳಿನಲ್ಲಿ ಮಾತ್ರ ಅದರ ಆಟ ನಡೆಯುತ್ತಿರಲಿಲ್ಲ, ಹೂತುಹೋಗುತ್ತಿತ್ತು.

ನಮ್ಮನ್ನು ಹೆತ್ತ ಆಯಿಗೂ ಅದೇ ಮರಳಿನ ಕಾಟ. ಮಳೆಗಾಲದ ಬಿಡುವು ಮುಗಿಯುವ ನೂಲು ಹುಣ್ಣಿಮೆಗೆ ಅವಳು ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು, "ಆತು, ದೋಣಿ ಇಳ್ಸಿ" ಎಂದ ಮೇಲೇ ಅಣ್ಣನ ದೋಣಿ ನೀರಿಗಿಳಿಯುವುದು. ಕಳೆದ ವರ್ಷ ಮೊಣಕಾಲು ಕೈಕೊಟ್ಟು ಅರ್ಧ ದಾರಿಯಲ್ಲೇ ಕುಸಿದಳು. ಎತ್ತಿಕೊಳ್ಳಲು ಹೋದರೆ, "ನಾನೆಂತ ಹೆಣವಾ, ಹೊತ್ಕಂಡು ಹೋಗೂಕೆ?" ಎಂದು ಬೈದಳು. ಕಾಯಿ ನಾನೇ ಬಿಟ್ಟೆ. ಆಯಿ "ದೋಣಿ ಇಳ್ಸಿ" ಎನ್ನದೆಯೇ ಮನೆಯೊಳಗೆ ಹೋದಳು. ಅದು ವರ್ಷವಿಡೀ ನನ್ನನ್ನು ಕೊರೆಯಿತು.

ಈ ಸಲ ಕಾಯಿಯನ್ನು ಟ್ರಕ್ಕು ಹೊರಲಿ, ರಿಮೋಟು ಆಯಿಯ ಕೈಯಲ್ಲಿರಲಿ ಎಂದುಕೊಂಡೆ. ಹಳೆ ಮೋಟಾರು ಕಿತ್ತು ಹೆಚ್ಚು ಬಲದ ಬ್ರಷ್‌ಲೆಸ್ ಮೋಟಾರು ಕೂರಿಸಿದೆ. ದೋಣಿಯ ಹುಟ್ಟಿನ ಅಲಗಿನಂಥ ಪಟ್ಟಿಗಳಿರುವ ಮರಳಿನ ಟೈರು ತರಿಸಿದೆ. ಅಷ್ಟರಲ್ಲಿ ಆಯಿ ಗಿಯರಿಗೆಲ್ಲ ಕೊಬ್ಬರಿ ಎಣ್ಣೆ ಸುರಿದಿದ್ದಳು. ಉಪ್ಪು ಗಾಳಿಯ ಊರಿನಲ್ಲಿ ಬೀಗದಿಂದ ಕತ್ತಿಯವರೆಗೆ ಎಣ್ಣೆ ಹಚ್ಚಿಯೇ ಉಳಿಸಿಕೊಂಡವಳು ಅವಳು. ಓಡಿಸಿ ನೋಡಿದಾಗ ಎಣ್ಣೆಗೆ ಮರಳು ಮೆತ್ತಿ ಪ್ಲಾಸ್ಟಿಕ್ ಗಿಯರಿನ ಹಲ್ಲು ಸವೆದು ನುಣ್ಣಗಾಯಿತು. ನಾನು ಕೂಗಾಡಿದೆ.

"ನಂಗೂ ಹಲ್ಲಿಲ್ಲ ತಮಾ, ನಾ ಉಣ್ಣೂದಿಲ್ವಾ?" ಎಂದಳು.

ಉಕ್ಕಿನ ಗಿಯರು ಹಾಕಿದೆ.

ಹುಣ್ಣಿಮೆಯ ಮಧ್ಯಾಹ್ನ ನಾನೂ ಅಣ್ಣನೂ ಆಯಿಯನ್ನು ಮರಳಿನ ಅಂಚಿನಲ್ಲಿ ಕುರ್ಚಿ ಹಾಕಿ ಕೂರಿಸಿದೆವು. ಹಿಂದೆ ಮೀನು ಬುಟ್ಟಿ ಹೊರುವಾಗ ತಲೆಗಿಡುತ್ತಿದ್ದ ಸಿಂಬೆಯನ್ನು ಟ್ರಕ್ಕಿನ ಮೇಲೆ ಬಿಗಿದು, ಕುಂಕುಮ ಹಚ್ಚಿದ ಕಾಯಿಯನ್ನು ಅದರೊಳಗೆ ತಾನೇ ಇಟ್ಟಳು. ಅವಳ ಬೆರಳು ಗುಂಡಿ ಒತ್ತಿತು. ಟ್ರಕ್ಕು ಹೊರಟಿತು. ಎರಡೂ ಕಡೆ ಮರಳು ಚಿಮ್ಮಿಸುತ್ತ, ದಿಬ್ಬ ಏರಿ, ಇಳಿದು, ಕಾಯಿ ಅಲುಗದಂತೆ ಹೋಯಿತು. ಬಿಗಿದ ನಟ್ಟುಗಳೆಲ್ಲ ನನ್ನವೇ, ಆದರೂ ನಡೆಸುತ್ತಿದ್ದುದು ಬೇರೆ ಯಾವುದೋ ಶಕ್ತಿ ಅನ್ನಿಸಿತು. ನೀರಿನಂಚಿಗೆ ಬಂದಾಗ ದೊಡ್ಡ ಅಲೆಯೊಂದು ಎದ್ದಿತು.

"ಆಯಿ, ಹಿಂದೆ ತಗೋ!" ಎಂದೆ.

ಆಯಿ ರಿಮೋಟನ್ನು ಮಡಿಲಿಗೆ ಹಾಕಿ ಎರಡೂ ಕೈ ಜೋಡಿಸಿದಳು. ಸಮುದ್ರಕ್ಕೆ ಕೊಟ್ಟ ಮೇಲೆ ಕೈ ಮುಗಿಯಬೇಕಲ್ಲ! ಟ್ರಕ್ಕು ಅಲ್ಲೇ ನಿಂತಿತು, ಅಲೆ ಅದರ ಮೇಲೆ ಬಿತ್ತು. ಓಡಿಹೋಗಿ ಹಿಡಿಯಬೇಕಿತ್ತು. ನೋಡಿದರೆ ನನ್ನ ಕೈಗಳೂ ಜೋಡಿಕೊಂಡಿದ್ದವು.

ಅಲೆ ಹಿಂದೆ ಸರಿದಾಗ ಟ್ರಕ್ಕು ಮಗುಚಿ ಬಿದ್ದಿತ್ತು. ಸಿಂಬೆ ಇತ್ತು, ಕಾಯಿ ಇರಲಿಲ್ಲ. ದೂರದಲ್ಲಿ ಅದು ತೇಲುತ್ತ ಒಳಗೆ ಹೋಗುವುದನ್ನು ಆಯಿ ಕಣ್ಣಿಗೆ ಕೈ ಅಡ್ಡವಿಟ್ಟು ಕಾಣದಾಗುವವರೆಗೂ ನೋಡಿದಳು. ಆಮೇಲೆ ಅಣ್ಣನ ಕಡೆ ತಿರುಗಿದಳು.

"ಆತು, ದೋಣಿ ಇಳ್ಸಿ."