ಕುಬಸದ ಬಳೆ

ಮುಂಡರಗಿ ಕಡೆಯ ಆ ಹುಡುಗಿಯನ್ನು ಅತ್ತೆ ಗದಗಿನ ನಮ್ಮ ಆಸ್ಪತ್ರೆಗೆ ಕರೆತಂದಾಗ ಎರಡೂ ಕೈ ತುಂಬ ಹಸಿರು ಬಳೆಗಳಿದ್ದವು. ಸೊಸೆಯ ಮುಟ್ಟು ನಿಂತು ಹೊಟ್ಟೆ ಉಬ್ಬಿದ್ದೇ ಸಾಕಾಗಿ, ಐದನೇ ತಿಂಗಳೆಂದು ಆ ಬಳೆ ತೊಡಿಸಿ, ಸೀಮಂತದಂತೆ ಕುಬಸ ಮಾಡಿ ಊರಿಗೆಲ್ಲ ಉಣ್ಣಿಸಿದ್ದಳು ಮಹಾತಾಯಿ. ಊಟಕ್ಕಿದ್ದ ಅವಸರ ಡಾಕ್ಟರಿಗೆ ತೋರಿಸಲು ಇರಲಿಲ್ಲ. ಈಗ ಸೊಸೆ ತಿಂದದ್ದನ್ನೆಲ್ಲ ವಾಂತಿ ಮಾಡುತ್ತಿದ್ದಳು.

ಹೊಟ್ಟೆ ಮುಟ್ಟಿ ನೋಡಿದೆ. ಗಟ್ಟಿ ಗಡ್ಡೆ ಇದ್ದದ್ದು ಎದೆಗೂಡಿನ ಕೆಳಗೆ, ಕೂಸು ಇರುವ ಜಾಗದಲ್ಲಲ್ಲ. ನೆತ್ತಿ ಅಲ್ಲಲ್ಲಿ ಬೋಳಾಗಿತ್ತು. ಸ್ಕ್ಯಾನಿಂಗ್ ಆದ ಮೇಲೆ ಅನುಮಾನ ಉಳಿಯಲಿಲ್ಲ.

"ಇಕಿ ಬಸರಿ ಅಲ್ಲ. ತನ್ನ ಕೂದಲಾ ತಾನ ಕಿತ್ತು ನುಂಗ್ಯಾಳ. ಅದು ಜಠರದಾಗ ಗಂಟು ಕಟ್ಟೈತಿ. ಊಟ ಸೇರದ, ರಕ್ತ ಇಲ್ಲದಂಗಾಗಿ ಮುಟ್ಟು ನಿಂತೈತಿ. ಜಲ್ದಿ ಆಪರೇಷನ್ ಮಾಡಬೇಕು" ಎಂದೆ.

ಆಪರೇಷನ್ ಬಗ್ಗೆ ಅತ್ತೆ ಒಂದು ಮಾತೂ ಕೇಳಲಿಲ್ಲ. ನನ್ನೆದುರೇ ಸೊಸೆಯ ಕೈ ಎಳೆದು ಬಳೆಗಳನ್ನು ಕಳಚತೊಡಗಿದಳು. ಮಗ ಬದುಕಿದ್ದಾನಲ್ಲ, ಅದಕ್ಕೆ ಎರಡೆರಡು ಮಾತ್ರ ಉಳಿಸಿದಳು. "ಮಂದಿಗೆ ಏನ ಹೇಳ್ಲಿ ನಾ?" ಎಂದಳು. ಅವಳನ್ನು ಹೊರಗೆ ಕಳಿಸಿದೆ.

ಹುಡುಗಿ ಆಗ ಮೊದಲ ಸಲ ಬಾಯಿ ಬಿಟ್ಟಳು. "ಡಾಕ್ಟ್ರ, ಅದನ್ನ ತಗೀಬ್ಯಾಡ್ರಿ. ಹೊಟ್ಟಿ ಕಾಣಾಕತ್ತಿದಾಗಿಂದ ನನ್ನ ಯಾರೂ ಬಡದಿಲ್ರಿ."

ತೆಗೆಯದಿದ್ದರೆ ಸಾಯುತ್ತಿದ್ದಳು. ತೆಗೆದೆ. ಜಠರದ ಆಕಾರಕ್ಕೇ ಹೆಣೆದುಕೊಂಡಿದ್ದ, ನಾರುವ ಕಪ್ಪು ಉಂಡೆ.

ಹೊಲಿಗೆ ಬಿಚ್ಚಿಸಿಕೊಳ್ಳಲು ಬಂದ ದಿನ ಹೊಟ್ಟೆಯ ಗಾಯ ಚೆನ್ನಾಗಿ ಮಾಯ್ದಿತ್ತು. ಕಣ್ಣಿನ ಕೆಳಗಿನ ಬಾವು ಮಾತ್ರ ಹೊಸದು.