ನೆಗೆಟಿವ್ ಇಲ್ಲದ ಫೋಟೋ

ಲಕ್ಷ್ಮೇಶ್ವರದ ಬಜಾರದಲ್ಲಿದ್ದ ಆ ಫೋಟೋ ಸ್ಟುಡಿಯೋದ ಬೋರ್ಡಿನ ಮೇಲೆ ಫಕ್ರುಸಾಬನ ಹೆಸರಿತ್ತು, ಆದರೆ ಊರವರ ಬಾಯಲ್ಲಿ ಅದು ಬಾನುಬಿಯ ಅಂಗಡಿ. ಫಕ್ರುಸಾಬ ಅವಳ ಗಂಡ. ಅವನು ಮುಂದಿನ ಕೋಣೆಯಲ್ಲಿ ಗಂಡಸರಿಗೂ ಶಾಲೆಯ ಮಕ್ಕಳಿಗೂ ಗದ್ದ ಎತ್ತಿ, ಗದ್ದ ಇಳಿಸಿ ಎನ್ನುತ್ತ ಫೋಟೋ ತೆಗೆಯುತ್ತಿದ್ದ. ಹಿಂದಿನ ಕೋಣೆ ಹೆಂಗಸರದು. ಅಲ್ಲಿ ಕ್ಯಾಮೆರಾ ಹಿಡಿಯುವವಳು ಬಾನುಬಿ. ಪಕ್ಕದ ಮಳಿಗೆಯಲ್ಲಿ ಜಂಪರ್ ಹೊಲಿಯುತ್ತಿದ್ದವಳು ನಾನು. ನಡುವೆ ಬರೀ ತಗಡಿನ ಗೋಡೆ, ಆಕಡೆ ಸೀನಿದರೆ ಈಕಡೆ ಕೇಳುತ್ತಿತ್ತು.

ಬುರ್ಖಾದ ಹೆಂಗಸರು, ತಲೆಯ ಸೆರಗು ಸರಿಸದ ಹೆಂಗಸರು, ವರನ ಕಡೆಗೆ ಫೋಟೋ ಕಳಿಸಬೇಕಾದ ಹುಡುಗಿಯರು, ಎಲ್ಲರೂ ದಾರಿಯಲ್ಲಿ ಸಿಗುವ ಸ್ಟುಡಿಯೋ ಬಿಟ್ಟು ಇಲ್ಲಿಗೇ ಬರುತ್ತಿದ್ದರು. ಅವಳೇನು ಮಹಾ ಚೆನ್ನಾಗಿ ತೆಗೆಯುತ್ತಿರಲಿಲ್ಲ. ನನ್ನ ಫೋಟೋದಲ್ಲಿ ನನಗೆ ಒಂದು ಕಿವಿಯೇ ಇಲ್ಲ. ಅವರು ಬರುತ್ತಿದ್ದದ್ದು ನೆಗೆಟಿವ್‌ಗಾಗಿ. ಫೋಟೋ ಕೊಡುವಾಗ ಬಾನುಬಿ ರೀಲಿನಿಂದ ಆ ಹೆಣ್ಣಿನ ನೆಗೆಟಿವ್ ಕತ್ತರಿಸಿ, ಕಾಗದದಲ್ಲಿ ಸುತ್ತಿ, ಅವಳಿಗೋ ಅವಳ ತಾಯಿಗೋ ಕೊಡುತ್ತಿದ್ದಳು. ಗಂಡ ಕೇಳಿದರೂ ಇಲ್ಲ, ಅಣ್ಣ ಕೇಳಿದರೂ ಇಲ್ಲ. ಸಂಬಂಧ ಕೂಡದೆ ಫೋಟೋ ವಾಪಸು ಬಂದರೆ, ತನ್ನ ಮಗಳ ಮುಖ ಇನ್ನು ಪರರ ಮನೆಯಲ್ಲಿಲ್ಲ ಎಂದು ತಾಯಿ ನಿಶ್ಚಿಂತೆಯಿಂದ ಇರಬಹುದಿತ್ತು. ಬಾನುಬಿಯ ಹೆಸರು ನಿಂತಿದ್ದೇ ಅದರ ಮೇಲೆ.

ಗದಗ ಬೇರೆ ಜಿಲ್ಲೆಯಾಗಿ ಏಳೆಂಟು ವರ್ಷವಾಗಿತ್ತು. ಆ ಹೊತ್ತಿಗೆ ಕ್ಯಾಮೆರಾ ಕಂಪನಿಯವರಿಗೆ ಏನು ಹುಚ್ಚು ಹಿಡಿಯಿತೋ, ರೀಲಿನ ಕ್ಯಾಮೆರಾ ಮಾಡುವುದನ್ನು ಒಬ್ಬೊಬ್ಬರಾಗಿ ಬಿಡುತ್ತ ಬಂದರು. ಸರಿಯಾಗಿ ಆಗಲೇ ಬಾನುಬಿಯ ಕ್ಯಾಮೆರಾ ಕೆಟ್ಟಿತು. ಬೆಟಗೇರಿಯಲ್ಲಿ ರಿಪೇರಿ ಮಾಡುವ ಖಾಸಿಂಸಾಬ ಅದನ್ನು ಬಿಚ್ಚಿ ನೋಡಿ, ಹಾಗೇ ಮುಚ್ಚಿ ಕೊಟ್ಟ.

"ಸಾಮಾನು ಬರೂದ ಬಂದ್ ಆಗೇತಿ ಬೇಟಿ. ಕಂಪನ್ಯಾವರು ಇದನ್ನ ಮಾಡೂದು ಬಿಟ್ಟಾರ. ಈಗೆಲ್ಲಾ ಡಿಜಿಟಲ್."

"ನನ್ನ ಕೇಳಿ ಬಿಟ್ಟಾರೇನು?" ಎಂದು ಅವನ ಮೇಲೆಯೇ ಹರಿಹಾಯ್ದು ಬಂದಳಂತೆ.

ಬೇರೆ ದಾರಿಯಿಲ್ಲದೆ ಡಿಜಿಟಲ್ ಕ್ಯಾಮೆರಾ ತಂದರು. ರೀಲಿನ ಖರ್ಚು ಉಳಿಯಿತೆಂದು ಫಕ್ರುಸಾಬನಿಗೆ ಹಿಗ್ಗು. ಬಾನುಬಿಗೆ ತಲೆನೋವು. ಗುಂಡಿ ಒತ್ತಿದರೆ ಅದು ತುಸು ವಿಚಾರ ಮಾಡಿ ಆಮೇಲೆ ಫೋಟೋ ತೆಗೆಯುತ್ತಿತ್ತು. ಅಷ್ಟರಲ್ಲಿ ಎದುರಿಗೆ ಕೂತವಳು ಕಣ್ಣು ಮುಚ್ಚಿರುತ್ತಿದ್ದಳು. ಬೆಳಿಗ್ಗೆ ಹಾಕಿದ ಸೆಲ್ಲು ಮಧ್ಯಾಹ್ನಕ್ಕೆ ಸತ್ತಿರುತ್ತಿತ್ತು. ತಗಡಿನಾಚೆ ಅವಳು ಅದಕ್ಕೆ ಹಾಕುವ ಶಾಪ ಕೇಳಿ ನಾನು ಮಷಿನ್ನು ನಿಲ್ಲಿಸಿ ನಗುತ್ತಿದ್ದೆ.

ಹರ್ತಿಯ ಫಕ್ಕೀರವ್ವ ತನ್ನ ಮಗಳನ್ನು ಕರೆದುಕೊಂಡು ಬಂದ ಮೇಲೆ ಆ ನಗು ನಿಂತಿತು. ಮಗಳ ಹೆಸರು ಕಾವೇರಿ. ಕಪ್ಪಗಿನ ಹುಡುಗಿ, ಕ್ಯಾಮೆರಾ ಕಂಡರೆ ಕೂತಲ್ಲೇ ಮುದುಡುವವಳು. ಮುಂಡರಗಿಯ ಒಂದು ಸಂಬಂಧಕ್ಕೆ ಅವಳ ಫೋಟೋ ಬೇಕಿತ್ತು. ಬಾನುಬಿ ಏನೇನೋ ಹೇಳಿ ನಗಿಸಿ ಫೋಟೋ ತೆಗೆದಳು, ಕ್ಯಾಮೆರಾದ ಕಾರ್ಡನ್ನು ಗದಗಿನ ಲ್ಯಾಬಿಗೆ ಒಯ್ದು ಪ್ರಿಂಟ್ ಹಾಕಿಸಿ ತಂದಳು. ಫೋಟೋ ಕೈಗೆ ಕೊಟ್ಟ ಮೇಲೂ ಫಕ್ಕೀರವ್ವ ಕೈ ಚಾಚಿಕೊಂಡೇ ನಿಂತಳು.

"ನೆಗೆಟಿವ್ ಕೊಡ್ರಿ ಅಕ್ಕಾರ."

"ಇದರಾಗ ನೆಗೆಟಿವ್ ಇರಂಗಿಲ್ಲವ್ವಾ. ನೋಡು, ನಿನ್ನ ಮುಂದನ ಅಳಿಸತೀನಿ."

ಅಳಿಸಿದಳು. ಫಕ್ಕೀರವ್ವ ಕ್ಯಾಮೆರಾವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇಲ್ಲ ಅನ್ನೂದನ್ನ ಹೆಂಗ ಕೈಯಾಗ ಹಿಡಕೊಂಡು ಹೋಗಲ್ರಿ?"

"ನನ್ನ ಮಾತು ಹಿಡಕೊಂಡು ಹೋಗವ್ವಾ. ನಿನ್ನ ಮಗಳ ಫೋಟೋ ನಿನ್ನ ಕೈಯಾಗ ಐತಿ, ಮತ್ತೆಲ್ಲೂ ಇಲ್ಲ."

ಮುಂಡರಗಿಯವರು ಹುಡುಗಿಯ ಬಣ್ಣ ಕಡಿಮೆ ಎಂದು ಫೋಟೋ ವಾಪಸು ಕಳಿಸಿದರು. ಆ ಸುದ್ದಿ ನಮಗೂ ಮುಟ್ಟಿತು. ಅವರ ಮಗ ಏನು ಬೆಳ್ಳಿಯಲ್ಲಿ ಎರಕ ಹೊಯ್ದವನೋ ನನಗೆ ಗೊತ್ತಿಲ್ಲ.

ಆಮೇಲೆ ಒಂದು ದಿನ ನಾನು ಲೈನಿಂಗ್ ಬಟ್ಟೆ ತರಲು, ಬಾನುಬಿ ಪ್ರಿಂಟ್ ತರಲು, ಇಬ್ಬರೂ ಗದಗಿಗೆ ಹೋದೆವು. ಲ್ಯಾಬಿನ ಒಳಗೆ ಕಾಲಿಟ್ಟ ಬಾನುಬಿ ಬಾಗಿಲಲ್ಲೇ ನಿಂತುಬಿಟ್ಟಳು. ಎದುರಿನ ಗೋಡೆಯ ಮೇಲೆ ಕಾವೇರಿ. ಹಿಂದೆ ಒಂದು ಜಲಪಾತ, ಅದರ ಹಿಂದೆ ಹಿಮದ ಬೆಟ್ಟ, ಮುಂದೆ ಹರ್ತಿಯ ಹುಡುಗಿ ಸೆರಗು ಹೊದ್ದು ನಗುತ್ತಿದ್ದಾಳೆ.

"ಇದನ್ನ ಯಾರನ್ನ ಕೇಳಿ ಹಾಕೀಯೋ?"

ಲ್ಯಾಬಿನ ಹೊನ್ನೇಶ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. "ಸ್ಯಾಂಪಲ್ ರೀ ಅಕ್ಕಾರ. ಹೊಸಾ ಮಷಿನ್ ಬಂದೈತಲ್ಲ, ಗಿರಾಕಿಗೆ ತೋರಸಾಕ ಬೇಕಲ್ಲ. ಇದ್ದಿದ್ದರಾಗ ಇದರ ಮುಖಾನ ಭಾಳ ಛಲೋ ಬಂದಿತ್ತು."

"ನಾ ಅಳಿಸಿದ್ನಲ್ಲೋ!"

"ನೀವು ನಿಮ್ಮ ಕ್ಯಾಮೆರಾದಾಗ ಅಳಿಸೀರಿ. ಇಲ್ಲಿ ಕಾಪಿ ಇರತೈತ್ರಿ."

ಇದನ್ನು ಅವಳಿಗೆ ಮೊದಲು ಯಾರೂ ಹೇಳಿರಲಿಲ್ಲ. ಕಂಪನಿಯವರಿಲ್ಲ, ಕ್ಯಾಮೆರಾ ಮಾರಿದವನಿಲ್ಲ, ಈ ಹೊನ್ನೇಶನೂ ಇಲ್ಲ. ಬಾನುಬಿ ಸ್ಟೂಲು ಎಳೆದು ಹತ್ತಿದಳು, ಫೋಟೋ ಕಿತ್ತಳು, ಅಲ್ಲಿದ್ದ ಗಿರಾಕಿಗಳ ಮುಂದೆಯೇ ಅದನ್ನು ಚೂರು ಚೂರು ಹರಿದಳು. ನಾನೂ ಸುಮ್ಮನಿರಲಿಲ್ಲ, ಹೊನ್ನೇಶನ ಅಪ್ಪ ಅಜ್ಜನನ್ನೂ ಬಿಡದೆ ಬೈದೆ. ಅವನು ಬೇಸರದಿಂದ ಕಂಪ್ಯೂಟರಿನಲ್ಲಿ ಏನೋ ಒತ್ತಿ, "ಹೋತು ಬಿಡ್ರಿ" ಎಂದ.

"ಖರೇನ ಹೋತೇನು? ಎಲ್ಲಿಗೆ ಹೋತು?"

ಅವನು ನಕ್ಕ. ಆ ನಗು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಬಸ್ ಸ್ಟ್ಯಾಂಡಿನಲ್ಲಿ ಬಾನುಬಿ ಲಕ್ಷ್ಮೇಶ್ವರದ ಬಸ್ಸು ಬಿಟ್ಟು ಹರ್ತಿಯ ಬಸ್ಸು ಹತ್ತಿದಳು. ಫಕ್ಕೀರವ್ವನಿಗೆ ಹೇಗೂ ಗೊತ್ತಾಗುವುದಿಲ್ಲ, ಸುಮ್ಮನಿರು ಎಂದು ನಾನು ಸೆರಗು ಹಿಡಿದು ಜಗ್ಗಿದೆ.

"ಮಾತು ಕೊಟ್ಟಾಕಿ ನಾನು. ನೀ ಬರಬ್ಯಾಡ" ಎಂದಳು. ಬಿಟ್ಟು ಹೋಗಲಾಗಲಿಲ್ಲ, ನಾನೂ ಹತ್ತಿದೆ.

ಹರ್ತಿಯಲ್ಲಿ ಫಕ್ಕೀರವ್ವ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಬಾನುಬಿ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು, ಒಂದನ್ನೂ ಮುಚ್ಚಲಿಲ್ಲ. ಫಕ್ಕೀರವ್ವನ ಕೈ ನಿಂತಿತು.

"ಯಾರ್‍ಯಾರು ನೋಡ್ಯಾರ್ರಿ?"

"ಗೊತ್ತಿಲ್ಲವ್ವಾ."

"ಮುಂಡರಗ್ಯಾವರು ಗದಗಿಗೆ ಬರಂಗಿಲ್ಲೇನು? ನೋಡಿ ನಕ್ಕಿರಂಗಿಲ್ಲೇನು? ನಿಮ್ಮ ಮಾತು ನಂಬಿ ಹೋದ್ನಲ್ರಿ ನಾನು!"

ಬಾನುಬಿಯ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷದಲ್ಲಿ ಒಬ್ಬ ಹೆಣ್ಣುಮಗಳೂ ಅವಳಿಗೆ ಅಂಥ ಮಾತು ಆಡಿರಲಿಲ್ಲ. ಕಂಪನಿಯವರ ಹುಚ್ಚಿಗೆ ಇವಳು ಬೈಸಿಕೊಳ್ಳಬೇಕೇ ಎಂದು ನನಗೆ ಸಿಟ್ಟು ಬಂತು, ಆದರೆ ಅಲ್ಲಿ ಯಾರ ಮೇಲೆ ಸಿಟ್ಟು ಮಾಡುವುದು?

ಅಷ್ಟರಲ್ಲಿ ಕಾವೇರಿ ಒಳಗಿನಿಂದ ಬಂದು ಬಾಗಿಲಿಗೆ ಆತು ನಿಂತಳು. ಎಲ್ಲ ಕೇಳಿಸಿಕೊಂಡಿದ್ದಳು.

"ಎಷ್ಟು ದೊಡ್ಡದಿತ್ರಿ ಅಕ್ಕಾರ?"

"ಬಾಗಲಾ ಇದ್ದಂಗ ಇತ್ತವ್ವಾ."

"ನಾ ಛಲೋ ಕಾಣತಿದ್ನೇನ್ರಿ?"

ಬಾನುಬಿ ನನ್ನ ಮುಖ ನೋಡಿದಳು. ಛಲೋ ಕಾಣುತ್ತಿದ್ದಳು, ಸುಳ್ಳೇಕೆ ಹೇಳಲಿ. ಹೌದೆಂದು ತಲೆಯಾಡಿಸಿದೆ.

"ಭಾಳ ಛಲೋ ಕಾಣತಿದ್ದಿ" ಎಂದಳು ಬಾನುಬಿ. "ಆದರ ನೀ ಚಿಂತಿ ಮಾಡಬ್ಯಾಡ. ನನ್ನ ಕೈಯಾರ ಹರದು ಒಗದು ಬಂದೀನಿ."

ಹುಡುಗಿಯ ಮುಖ ಬಾಡಿತು.

"ಹರೀಬಾರದಿತ್ರಿ. ತಂದಿದ್ರ ನಾನೂ ಒಮ್ಮೆ ನೋಡತಿದ್ದೆ."